ಗೌಹರ್ ಜಾನ್

ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಕೂಡಿಡುವ ಗೀಳು ನನಗೆ ಬಹುಕಾಲದ್ದು. ಮೈಸೂರಿನ ಗುಜರಿ ಅಂಗಡಿಯೊಂದರಲ್ಲಿ ದೊರೆತ ಅರಗಿನ ತಟ್ಟೆಗೆ ಒಂದೇ ಮುಖ, ಹಿಂಬದಿ ಬೋಳು. ಮುಳ್ಳನ್ನಿಟ್ಟರೆ ಮಳೆ ಸುರಿದಂತಹ ಸದ್ದಿನ ನಡುವಿನಿಂದ ಗೌಹರ್ ಜಾನಳ ಕಂಠ ಏಳುತ್ತದೆ. ಹಾಡು ಮುಗಿದೊಡನೆ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ಸಾರುತ್ತಾಳೆ. ಜಂಭವೆಂದು ನಾನು ಮೊದಲು ಭಾವಿಸಿದ್ದೆ. 1902ರಲ್ಲಿ ಕಲ್ಕತ್ತೆಯಲ್ಲಿ ಹಿಡಿದ ಧ್ವನಿಯನ್ನು ಜರ್ಮನಿಯ ಹ್ಯಾನೋವರಿನಲ್ಲಿ ಅಚ್ಚೊತ್ತುತ್ತಿದ್ದರು; ಹಾಡಿದವರಾರೆಂದು ಅಲ್ಲಿನವರಿಗೆ ತಿಳಿಯಬೇಕಲ್ಲ!

ಆ ಹೆಸರಾದರೂ ಹುಟ್ಟಿನಿಂದ ಬಂದುದಲ್ಲ. 1873ರಲ್ಲಿ ಆಜಂಗಢದಲ್ಲಿ ಜನಿಸಿದ ಮಗು ಏಂಜಲಿನಾ ಯೋವರ್ಡ್. ತಂದೆತಾಯಿ ಬೇರೆಯಾದ ಮೇಲೆ ತಾಯಿ ವಿಕ್ಟೋರಿಯಾ ಕಾಶಿಯಲ್ಲಿ ಇಸ್ಲಾಮನ್ನು ಸ್ವೀಕರಿಸಿ ಮಲಕಾ ಜಾನ್ ಆದಳು. ಮಗಳು ಗೌಹರ್ ಆದಳು. ರಾತ್ರಿಯಿಡೀ ಬೆಳೆಸಬಹುದಾದ ರಾಗವನ್ನು ಕಹಳೆಯಂತಹ ಕೊಳವೆಯ ಮುಂದೆ ನಿಂತು ಮೂರು ನಿಮಿಷಕ್ಕೆ ಅಡಕಗೊಳಿಸುವ ವಿದ್ಯೆ ಆಕೆಗೆ ಒಲಿದಿತ್ತು. ನನ್ನ ಮಟ್ಟಿಗೆ ಅದು ಸಣ್ಣ ವಿದ್ಯೆಯಲ್ಲ. ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಹಾಡಿದಳು. 1911ರ ದೆಹಲಿ ದರ್ಬಾರಿನಲ್ಲಿ ಜಾನಕಿ ಬಾಯಿಯೊಡನೆ ಚಕ್ರವರ್ತಿಯ ಮುಂದೆ ಹಾಡಿದಳು. ನಾಡೆಲ್ಲ ಹೆಸರು ಬಲ್ಲ ಈ ಹೆಂಗಸೇ ಆಸ್ತಿಯ ವ್ಯಾಜ್ಯವೊಂದರಲ್ಲಿ ತಾನು ಯಾರ ಮಗಳೆಂಬುದನ್ನು ನ್ಯಾಯಾಲಯದಲ್ಲಿ ರುಜುವಾತುಪಡಿಸಬೇಕಾಯಿತು.

ಸಂಪತ್ತು ಕರಗಿತು. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರಿನ ಆಸ್ಥಾನದಲ್ಲಿ ಆಶ್ರಯವಿತ್ತರು. ಒಂದೂವರೆ ವರ್ಷವೂ ತುಂಬಲಿಲ್ಲ; 1930ರ ಜನವರಿ 17ರಂದು ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿ ತೀರಿಕೊಂಡಳು.

ನನಗೆ ತಟ್ಟೆ ದೊರೆತ ಅಂಗಡಿಯಿಂದ ಆ ಆಸ್ಪತ್ರೆಗೆ ನಡೆದೇ ಹೋಗಬಹುದು. ಅಂಗಡಿಯವನು ತಟ್ಟೆಯನ್ನು ತಕ್ಕಡಿಗೆ ಹಾಕಿ ಬೆಲೆ ಹೇಳಿದ.