ಸೇವಕಿಯ ಪಾತ್ರ, ಸ್ವಂತ ಮನೆಯ ಹಕ್ಕು

1940ರ ಫೆಬ್ರುವರಿ 29ರ ರಾತ್ರಿ ಲಾಸ್ ಏಂಜಲೀಸ್‌ನ ಅಂಬಾಸಡರ್ ಹೋಟೆಲಿನಲ್ಲಿ ಆಸ್ಕರ್ ಪ್ರಶಸ್ತಿ ಪ್ರದಾನ ಸಮಾರಂಭ. 'ಗಾನ್ ವಿತ್ ದ ವಿಂಡ್' ಚಿತ್ರದ ತಾರೆಯರೆಲ್ಲ ಒಟ್ಟಾಗಿ ಕುಳಿತಿದ್ದರು. ಅದೇ ಚಿತ್ರದಲ್ಲಿ ಮ್ಯಾಮಿ ಎಂಬ ದಾಸಿಯ ಪಾತ್ರ ನಿರ್ವಹಿಸಿದ್ದ ಹ್ಯಾಟಿ ಮೆಕ್‌ಡೇನಿಯಲ್ ಅವರಿಗೆ ಮಾತ್ರ ದೂರದ ಗೋಡೆಯ ಬದಿಯಲ್ಲೊಂದು ಚಿಕ್ಕ ಮೇಜು. ಕಪ್ಪು ವರ್ಣೀಯರಿಗೆ ಪ್ರವೇಶವಿಲ್ಲದ ಆ ಹೋಟೆಲಿನೊಳಗೆ ಅವರನ್ನು ಕರೆತರಲು ನಿರ್ಮಾಪಕ ಡೇವಿಡ್ ಸೆಲ್ಜ್‌ನಿಕ್ ವಿಶೇಷ ಅನುಮತಿ ಕೋರಬೇಕಾಗಿತ್ತು. ಆ ರಾತ್ರಿ ಶ್ರೇಷ್ಠ ಪೋಷಕ ನಟಿ ಪ್ರಶಸ್ತಿ ಅವರದಾಯಿತು. ಆಸ್ಕರ್ ಪಡೆದ ಮೊದಲ ಕಪ್ಪು ವರ್ಣೀಯ ಕಲಾವಿದೆ ಅವರು.

ಅಮೆರಿಕದ ಚಿತ್ರರಂಗದ ಇತಿಹಾಸ ಬರೆದವರೆಲ್ಲ ಈ ಪ್ರಸಂಗವನ್ನು ತಪ್ಪದೆ ಹೇಳುತ್ತಾರೆ. ಆದರೆ ಹ್ಯಾಟಿ ಅವರ ಬದುಕಿನ ಹೆಚ್ಚು ಮಹತ್ವದ ಗೆಲುವು ಅದೇ ಊರಿನ ನ್ಯಾಯಾಲಯವೊಂದರಲ್ಲಿ, 1945ರಲ್ಲಿ ದೊರೆತದ್ದು ಎಂಬುದು ನನ್ನ ಅಭಿಪ್ರಾಯ.

ಅವರು ಹುಟ್ಟಿದ್ದು 1893ರಲ್ಲಿ, ಕಾನ್ಸಾಸ್ ರಾಜ್ಯದ ವಿಚಿಟಾದಲ್ಲಿ. ಹದಿಮೂರು ಮಕ್ಕಳಲ್ಲಿ ಕಿರಿಯವರು. ತಂದೆ ತಾಯಿ ಇಬ್ಬರೂ ಗುಲಾಮಗಿರಿಯಲ್ಲಿ ಹುಟ್ಟಿದವರು. ತಂದೆ ಹೆನ್ರಿ ಅಂತರ್ಯುದ್ಧದಲ್ಲಿ ಒಕ್ಕೂಟದ ಸೇನೆಯ ಪರ ಹೋರಾಡಿದ್ದರು. ಅದಕ್ಕೆ ಸಲ್ಲಬೇಕಾದ ಪಿಂಚಣಿಗಾಗಿ ಸರ್ಕಾರಕ್ಕೆ ವರ್ಷಗಟ್ಟಲೆ ಅರ್ಜಿ ಬರೆಯಬೇಕಾಯಿತು. ಜೀವಮಾನವಿಡೀ ಕಡತಗಳ ನಡುವೆ ಕಳೆದ ನನ್ನಂಥವನಿಗೆ ಇದನ್ನು ಓದಿದಾಗ ಮುಜುಗರವಾಗದೆ ಇರಲಿಲ್ಲ. ದಾಖಲೆಯೇ ಇಲ್ಲದಂತೆ ಬದುಕಬೇಕಾಗಿ ಬಂದವನಿಂದ ದಾಖಲೆ ಕೇಳುವ ವ್ಯವಸ್ಥೆ ಒಂದು ದೇಶಕ್ಕೆ ಮಾತ್ರ ಸೀಮಿತವಲ್ಲ.

ಕುಟುಂಬ ಡೆನ್ವರ್ ನಗರಕ್ಕೆ ಬಂದು ನೆಲೆಸಿತು. ಹಾಡು, ಕುಣಿತ, ಹಾಸ್ಯ ಮನೆಮಂದಿಗೆಲ್ಲ ಒಲಿದಿದ್ದವು. ಹ್ಯಾಟಿ ಅಣ್ಣಂದಿರ ತಂಡದಲ್ಲಿ ಕುಣಿದರು, ವಾದ್ಯವೃಂದದೊಡನೆ ಊರೂರು ತಿರುಗಿದರು, 1920ರ ದಶಕದಲ್ಲಿ ರೇಡಿಯೊದಲ್ಲಿ ಹಾಡಿದರು, ಬ್ಲೂಸ್ ಗೀತೆಗಳ ಧ್ವನಿಮುದ್ರಿಕೆಗಳನ್ನೂ ಹೊರತಂದರು. 1929ರ ಆರ್ಥಿಕ ಕುಸಿತ ಎಲ್ಲವನ್ನೂ ನುಂಗಿತು. ಮಿಲ್ವಾಕಿಯ ರಾತ್ರಿ ಕ್ಲಬ್ಬೊಂದರ ಶೌಚಾಲಯದಲ್ಲಿ ಪರಿಚಾರಿಕೆಯಾಗಿ ದುಡಿದದ್ದು ಆಗಲೇ. ಮುಂದೆ ಅದೇ ಕ್ಲಬ್ಬಿನ ವೇದಿಕೆಯ ಮೇಲೆ ಹಾಡುವ ಅವಕಾಶ ಸಿಕ್ಕಿತು. 1931ರಲ್ಲಿ ಲಾಸ್ ಏಂಜಲೀಸ್‌ಗೆ ಬಂದರು. ರೇಡಿಯೊ ಕಾರ್ಯಕ್ರಮದಲ್ಲಿ ಗಯ್ಯಾಳಿ ಕೆಲಸದಾಕೆಯ ಪಾತ್ರ ಜನಪ್ರಿಯವಾಯಿತಾದರೂ ಅದರ ಸಂಭಾವನೆಯಿಂದ ಹೊಟ್ಟೆ ತುಂಬುತ್ತಿರಲಿಲ್ಲ. ಹೀಗಾಗಿ ಅವರು ಕೆಲಸದಾಕೆಯಾಗಿ ನಟಿಸುತ್ತಲೇ ಪರರ ಮನೆಗಳಲ್ಲಿ ನಿಜವಾದ ಕೆಲಸದಾಕೆಯೂ ಆಗಿದ್ದರು.

ಹಾಲಿವುಡ್ ಅವರಿಗೆ ಕೊಟ್ಟದ್ದು ಬಹುಮಟ್ಟಿಗೆ ಒಂದೇ ಪಾತ್ರ: ಸೇವಕಿ. ಎಂಬತ್ತಕ್ಕೂ ಹೆಚ್ಚು ಚಿತ್ರಗಳ ಪಾತ್ರವರ್ಗದಲ್ಲಿ ಅವರ ಹೆಸರಿದೆ. ಹೆಸರು ಹಾಕದೆ ಬಿಟ್ಟ ಚಿತ್ರಗಳು ಇನ್ನೆಷ್ಟೋ. ಆ ಇಕ್ಕಟ್ಟಿನೊಳಗೂ ಅವರು ತಮ್ಮದೊಂದು ಜಾಗ ಮಾಡಿಕೊಂಡರು. 1935ರ 'ಆಲಿಸ್ ಆಡಮ್ಸ್' ಚಿತ್ರದ ಔತಣದ ದೃಶ್ಯದಲ್ಲಿ ಚೂಯಿಂಗ್ ಗಮ್ ಜಗಿಯುತ್ತ, ಒಲ್ಲದ ಮನಸ್ಸಿನಿಂದ ಬಡಿಸುವ ಕೆಲಸದಾಕೆ ಯಜಮಾನರ ಹುಸಿ ಅಂತಸ್ತನ್ನು ತುಟಿ ಬಿಚ್ಚದೆ ಬಯಲು ಮಾಡುತ್ತಾಳೆ. ಮ್ಯಾಮಿಯಂತೂ ಒಡತಿ ಸ್ಕಾರ್ಲೆಟ್‌ಳನ್ನು ಮುಖಕ್ಕೆ ಮುಖ ಕೊಟ್ಟು ಗದರಿಸಬಲ್ಲವಳು. ಮಗು ಸತ್ತ ನಂತರ ಮೆಲನಿಯನ್ನು ಮೆಟ್ಟಿಲ ಮೇಲೆ ಕರೆದೊಯ್ಯುತ್ತ ಮನೆಯ ದುಃಖವನ್ನು ಹೇಳಿಕೊಳ್ಳುವ ದೃಶ್ಯ ಒಮ್ಮೆ ನೋಡಿದವರಿಗೆ ಮರೆಯದು. ಇಷ್ಟಾದರೂ 1939ರ ಡಿಸೆಂಬರ್ 15ರಂದು ಅಟ್ಲಾಂಟಾದಲ್ಲಿ ಚಿತ್ರದ ಪ್ರಥಮ ಪ್ರದರ್ಶನ ನಡೆದಾಗ, ಜಾರ್ಜಿಯಾದ ವರ್ಣಭೇದದ ಕಟ್ಟಳೆಗಳಿಂದಾಗಿ ಅವರು ಅಲ್ಲಿರಲಿಲ್ಲ.

ಪ್ರಶಸ್ತಿಯ ನಂತರ ಟೀಕೆ ತೀವ್ರವಾಯಿತು. ಕಪ್ಪು ವರ್ಣೀಯರ ಹಕ್ಕುಗಳಿಗಾಗಿ ಶ್ರಮಿಸುತ್ತಿದ್ದ ಎನ್‌ಎಎಸಿಪಿ ಸಂಸ್ಥೆಯ ವಾಲ್ಟರ್ ವೈಟ್ 1942ರಲ್ಲಿ ಸ್ಟುಡಿಯೊ ಮಾಲೀಕರನ್ನು ಕಂಡು, ದಾಸ್ಯವನ್ನು ಸಹಜವೆಂದು ಬಿಂಬಿಸುವ ಪಾತ್ರಗಳನ್ನು ಕೈಬಿಡುವಂತೆ ಆಗ್ರಹಿಸಿದರು. ಅವರ ವಾದದಲ್ಲಿ ಹುರುಳಿತ್ತು. ಗುಲಾಮಗಿರಿಯ ದಿನಗಳನ್ನು ಸವಿನೆನಪಿನಂತೆ ತೋರಿಸುವ ಚಿತ್ರಗಳು ದೇಶದ ಮನಸ್ಸನ್ನು ಕೆಡಿಸುತ್ತಿದ್ದವು. ಹ್ಯಾಟಿ ಅವರೇ ನಟಿಸಿದ, 1946ರ 'ಸಾಂಗ್ ಆಫ್ ದ ಸೌತ್' ಅಂಥದೇ ಚಿತ್ರ. ಅದನ್ನು ನಾನು ಸಮರ್ಥಿಸಲಾರೆ. ಆದರೆ ಕೊಳ್ಳುವವರು ಬೆರಳೆಣಿಕೆಯಷ್ಟೇ ಇರುವ ಮಾರುಕಟ್ಟೆಯಲ್ಲಿ ಸರಕಿನ ಸ್ವರೂಪವನ್ನು ನಿರ್ಧರಿಸುವವನು ಮಾರುವವನಲ್ಲ, ಇದು ಅರ್ಥಶಾಸ್ತ್ರದ ಪ್ರಾಥಮಿಕ ಪಾಠ. ಬೇರೆ ಬಗೆಯ ಪಾತ್ರಗಳು ಇನ್ನೂ ಹುಟ್ಟಿರಲಿಲ್ಲ. ವೈಟ್ ಅವರ ಮೆಚ್ಚುಗೆಗೆ ಪಾತ್ರರಾಗಿದ್ದ ಗಾಯಕಿ ಲೀನಾ ಹಾರ್ನ್ ಅವರ ದೃಶ್ಯಗಳನ್ನು, ದಕ್ಷಿಣ ರಾಜ್ಯಗಳಲ್ಲಿ ಕತ್ತರಿಸಿ ತೆಗೆಯಲು ಅನುಕೂಲವಾಗುವಂತೆ ಬಿಡಿಯಾಗಿ ಚಿತ್ರೀಕರಿಸಲಾಗುತ್ತಿತ್ತು. ಕೆಲಸದಾಕೆಯ ಪಾತ್ರಕ್ಕೆ ಸಿಗುವ ಸಂಬಳ ನಿಜವಾದ ಕೆಲಸದಾಕೆಯ ಕೂಲಿಗಿಂತ ಎಷ್ಟೋ ಮೇಲು ಎಂಬರ್ಥದ ಮಾತು ಹ್ಯಾಟಿ ಅವರದೆಂದು ಪ್ರಚಲಿತವಾಗಿದೆ. ಎರಡನ್ನೂ ಮಾಡಿದ್ದ ಅವರಿಗೆ ವ್ಯತ್ಯಾಸ ತಿಳಿದಿತ್ತು.

ಆ ಸಂಬಳದಿಂದಲೇ ಅವರು 1942ರಲ್ಲಿ ಲಾಸ್ ಏಂಜಲೀಸ್‌ನ ವೆಸ್ಟ್ ಆಡಮ್ಸ್ ಭಾಗದ ಶುಗರ್ ಹಿಲ್ ಬಡಾವಣೆಯಲ್ಲಿ ದೊಡ್ಡ ಮನೆಯೊಂದನ್ನು ಕೊಂಡರು. ಕಪ್ಪು ವರ್ಣೀಯರಿಗೆ ಮಾರಕೂಡದೆಂಬ ಕರಾರು ಅಲ್ಲಿನ ನಿವೇಶನಗಳಿಗೆ ಅಂಟಿಕೊಂಡಿತ್ತು. ಅಮೆರಿಕದ ನಗರಗಳಲ್ಲಿ ಇಂಥ ಕರಾರುಗಳು ಆಗ ಸಾಮಾನ್ಯ, ನ್ಯಾಯಾಲಯಗಳೂ ಅವನ್ನು ಎತ್ತಿಹಿಡಿಯುತ್ತಿದ್ದವು. ಕೆಲವು ಬಿಳಿಯ ನೆರೆಹೊರೆಯವರು ಹ್ಯಾಟಿ, ನಟಿಯರಾದ ಲೂಯಿಸ್ ಬೀವರ್ಸ್, ಎಥೆಲ್ ವಾಟರ್ಸ್ ಮೊದಲಾದವರನ್ನು ಒಕ್ಕಲೆಬ್ಬಿಸಲು ದಾವೆ ಹೂಡಿದರು. ಹ್ಯಾಟಿ ಅಕ್ಕಪಕ್ಕದವರನ್ನು ತಮ್ಮ ಮನೆಗೆ ಕರೆದು ಸಭೆ ನಡೆಸಿ ಸಂಘಟಿಸಿದರು. ಅವರ ಪರ ವಾದಿಸಿದವರು ವಕೀಲ ಲೊರೆನ್ ಮಿಲ್ಲರ್. 1945ರ ಡಿಸೆಂಬರ್‌ನಲ್ಲಿ ನ್ಯಾಯಾಧೀಶ ಥರ್ಮಂಡ್ ಕ್ಲಾರ್ಕ್ ಖುದ್ದಾಗಿ ಸ್ಥಳ ಪರಿಶೀಲನೆ ಮಾಡಿ ಬಂದು, ಸಂವಿಧಾನದ 14ನೇ ತಿದ್ದುಪಡಿ ನೀಡುವ ಸಮಾನ ರಕ್ಷಣೆಯನ್ನು ಆಧರಿಸಿ ದಾವೆಯನ್ನು ವಜಾ ಮಾಡಿದರು. 1948ರಲ್ಲಿ, ಶೆಲ್ಲಿ ವಿರುದ್ಧ ಕ್ರೇಮರ್ ಪ್ರಕರಣದಲ್ಲಿ, ಅಮೆರಿಕದ ಸುಪ್ರೀಂ ಕೋರ್ಟ್ ಇಂಥ ಕರಾರುಗಳನ್ನು ನ್ಯಾಯಾಲಯಗಳು ಜಾರಿಗೊಳಿಸುವಂತಿಲ್ಲ ಎಂದು ತೀರ್ಪಿತ್ತಿತು. ಅದರೊಡನೆ ವಿಚಾರಣೆಯಾದ ಮೊಕದ್ದಮೆಯೊಂದರಲ್ಲೂ ಮಿಲ್ಲರ್ ವಾದ ಮಂಡಿಸಿದ್ದರು.

1947ರಲ್ಲಿ ಹ್ಯಾಟಿ ಸಿಬಿಎಸ್ ರೇಡಿಯೊದ 'ಬ್ಯೂಲಾ' ಧಾರಾವಾಹಿಯ ನಾಯಕಿಯಾದರು. ಕಪ್ಪು ವರ್ಣೀಯ ಕೆಲಸದಾಕೆಯ ಆ ಪಾತ್ರಕ್ಕೆ ಅಲ್ಲಿಯವರೆಗೆ ದನಿ ಕೊಟ್ಟವರು ಬಿಳಿಯ ಗಂಡಸರು! ತಾವು ಗೇಲಿಯ ಆಡುಭಾಷೆಯಲ್ಲಿ ಮಾತನಾಡುವುದಿಲ್ಲ ಎಂಬ ಷರತ್ತು ಹಾಕಿಯೇ ಅವರು ಒಪ್ಪಿಕೊಂಡರು. ಟೆಲಿವಿಷನ್ ಸರಣಿಗೂ ಆಯ್ಕೆಯಾದರು. ಕೆಲವೇ ಕಂತುಗಳು ಮುಗಿಯುವಷ್ಟರಲ್ಲಿ ಆರೋಗ್ಯ ಕೈಕೊಟ್ಟಿತು.

1952ರ ಅಕ್ಟೋಬರ್ 26ರಂದು ಸ್ತನ ಕ್ಯಾನ್ಸರ್‌ನಿಂದ ಅವರು ತೀರಿಕೊಂಡರು. ಹಾಲಿವುಡ್ ಸ್ಮಶಾನದಲ್ಲಿ ತಮ್ಮನ್ನು ಹೂಳಬೇಕೆಂಬುದು ಅವರ ಕೋರಿಕೆಯಾಗಿತ್ತು. ಬಿಳಿಯರಿಗೆ ಮಾತ್ರ ಮೀಸಲಾಗಿದ್ದ ಆ ಸ್ಮಶಾನ ನಿರಾಕರಿಸಿತು. ರೋಸ್‌ಡೇಲ್ ಸ್ಮಶಾನದಲ್ಲಿ ಅಂತ್ಯಸಂಸ್ಕಾರ ನಡೆಯಿತು. 1999ರಲ್ಲಿ ಹಾಲಿವುಡ್ ಸ್ಮಶಾನದ ಹೊಸ ಮಾಲೀಕರು ಅವರ ಹೆಸರಿನಲ್ಲಿ ಸ್ಮಾರಕವೊಂದನ್ನು ನಿಲ್ಲಿಸಿದರು. ಶುಗರ್ ಹಿಲ್ ಬಡಾವಣೆಯನ್ನು ಮಾತ್ರ 1960ರ ದಶಕದ ಆರಂಭದಲ್ಲಿ ಸಾಂಟಾ ಮೋನಿಕಾ ಹೆದ್ದಾರಿ ಸೀಳಿಕೊಂಡು ಹೋಗಿತ್ತು. ಕರಾರಿನಿಂದ ಆಗದ ಕೆಲಸ ಭೂಸ್ವಾಧೀನದಿಂದ ಆಯಿತು.

ಪೋಷಕ ಕಲಾವಿದರಿಗೆ ಆ ಕಾಲದಲ್ಲಿ ಕೊಡುತ್ತಿದ್ದುದು ಪ್ರತಿಮೆಯಲ್ಲ, ಫಲಕ. ಹ್ಯಾಟಿ ತಮ್ಮ ಫಲಕವನ್ನು ಉಯಿಲಿನ ಮೂಲಕ ವಾಷಿಂಗ್ಟನ್‌ನ ಹೋವರ್ಡ್ ವಿಶ್ವವಿದ್ಯಾಲಯಕ್ಕೆ ಬಿಟ್ಟುಹೋಗಿದ್ದರು. ಅದು ಅಲ್ಲಿಂದ ಕಣ್ಮರೆಯಾಗಿ ದಶಕಗಳೇ ಕಳೆದವು. 2023ರ ಅಕ್ಟೋಬರ್‌ನಲ್ಲಿ ಆಸ್ಕರ್ ಅಕಾಡೆಮಿ ಬದಲಿ ಫಲಕವೊಂದನ್ನು ಮಾಡಿಸಿ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿತು.