ಅನ್ನದ ಋಣ, ಅಕ್ಷರದ ಋಣ: ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲ್



ಪ್ರತಿ ವರ್ಷ ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬ. 1863ರಲ್ಲಿ ಅಧ್ಯಕ್ಷ ಅಬ್ರಹಾಂ ಲಿಂಕನ್ ಇಡೀ ದೇಶಕ್ಕೆ ಈ ದಿನವನ್ನು ಸಾರಿದರು. ಅದರ ಹಿಂದಿನ ವಾರ ಗ್ಲೆಂಡೇಲ್ ಹೈಟ್ಸ್‌ನ ನಮ್ಮ ಕನ್ನಡ ತರಗತಿಯಲ್ಲಿ ನಾವು ಮಕ್ಕಳಿಗೆ ಒಂದು ಸಣ್ಣ ಕೆಲಸ ಕೊಟ್ಟೆವು. ಊರಿನಲ್ಲಿರುವ ಅಜ್ಜ ಅಜ್ಜಿಗೆ ಕನ್ನಡದಲ್ಲಿ ನಾಲ್ಕು ಸಾಲಿನ ಕೃತಜ್ಞತೆಯ ಪತ್ರ ಬರೆಯಬೇಕು, ಅಷ್ಟೇ. ಎಲ್ಲರೂ 'ಧನ್ಯವಾದಗಳು' ಎಂದು ಬರೆದರು. ಅಲ್ಲಿಂದ ಮುಂದೆ ಪೆನ್ಸಿಲ್ ಓಡಲಿಲ್ಲ. ಒಬ್ಬ ಹುಡುಗಿ, "ಮಿಸ್, ನಮ್ಮ ಅಜ್ಜಿ ಯಾವತ್ತೂ ಧನ್ಯವಾದ ಅಂತ ಹೇಳೋದೇ ಇಲ್ಲ. ಅವರು ಏನು ಹೇಳ್ತಾರೆ?" ಎಂದು ಕೇಳಿದಳು.

ಒಳ್ಳೆಯ ಪ್ರಶ್ನೆ! ನಮ್ಮ ಹಿರಿಯರು ಉಪಕಾರ ಮಾಡಿದವರಿಗೆ 'ನಿನ್ನ ಹೊಟ್ಟೆ ತಣ್ಣಗಿರಲಿ' ಎನ್ನುತ್ತಾರೆ. 'ನಿಮ್ಮ ಋಣ ತೀರಿಸಲಾಗದು' ಎನ್ನುತ್ತಾರೆ. ಉಂಡ ಮನೆಗೆ ಎರಡು ಬಗೆಯಬಾರದು ಎಂದು ಎಚ್ಚರಿಸುತ್ತಾರೆ. ನಮ್ಮಲ್ಲಿ ಕೃತಜ್ಞತೆ ಎಂದರೆ ಒಂದು ಮಾತು ಹೇಳಿ ಮುಗಿಸುವುದಲ್ಲ. ಅದೊಂದು ಋಣ, ಬದುಕಿ ತೀರಿಸಬೇಕಾದದ್ದು. ಕ್ರೈಸ್ತರ ಮನೆಗಳಲ್ಲಿ ಊಟಕ್ಕೆ ಮೊದಲು ತಲೆಬಾಗಿ ಆ ದಿನದ ತುತ್ತಿಗಾಗಿ ದೇವರನ್ನು ನೆನೆಯುವ ಪದ್ಧತಿಯಿದೆ. ಅದರ ಹಿಂದೆಯೂ ಇದೇ ಭಾವನೆಯಿದೆ. ದೊಡ್ಡ ವರವನ್ನು ಎಲ್ಲರೂ ನೆನೆಯುತ್ತಾರೆ. ಒಂದು ತುತ್ತು ಅನ್ನವನ್ನೂ ವರವೆಂದು ತಿಳಿಯುವುದು ಅಭ್ಯಾಸದಿಂದ ಮಾತ್ರ ಬರುತ್ತದೆ.

ಆ ದಿನ ನಾವು ಮಕ್ಕಳಿಗೆ ಅನ್ನದ ಋಣವನ್ನು ಅಕ್ಷರದಲ್ಲಿ ತೀರಿಸಿದ ಒಬ್ಬ ಮಹನೀಯರ ಕಥೆ ಹೇಳಿದೆವು. ಅದನ್ನೇ ಇಲ್ಲಿ ಬರೆದಿದ್ದೇವೆ.

ಫರ್ಡಿನೆಂಡ್ ಕಿಟ್ಟೆಲ್ ಅವರು 1832ರ ಏಪ್ರಿಲ್ ತಿಂಗಳಲ್ಲಿ, ಜರ್ಮನಿಯ ಉತ್ತರ ಕಡಲತೀರದ ಪೂರ್ವ ಫ್ರೀಸಿಯಾ ಪ್ರಾಂತ್ಯದ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಪಾದ್ರಿಗಳು. ಬಾಲ್ಯದಿಂದಲೇ ಕಿಟ್ಟೆಲ್ ಅವರಿಗೆ ಭಾಷೆಗಳೆಂದರೆ ಪ್ರಾಣ. ಗ್ರೀಕ್, ಲ್ಯಾಟಿನ್, ಹೀಬ್ರೂ ಕಲಿತರು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನಲ್ಲಿ ತರಬೇತಿ ಪಡೆದು 1853ರಲ್ಲಿ ಕರ್ನಾಟಕಕ್ಕೆ ಬಂದರು. ಆಗ ಅವರಿಗೆ ಕೇವಲ 21 ವರ್ಷ. ಮನೆಯವರಿಗೆ ಒಂದು ಕಾಗದ ಬರೆದರೆ ಉತ್ತರಕ್ಕಾಗಿ ತಿಂಗಳುಗಟ್ಟಲೆ ಕಾಯಬೇಕಾಗಿದ್ದ ಕಾಲವದು. ಇಂದು ಫೋನಿನಲ್ಲಿ ದಿನವೂ ಊರಿನ ಮುಖಗಳನ್ನು ನೋಡುವ ನಾವು ಆ ದೂರವನ್ನು ಸ್ವಲ್ಪ ಊಹಿಸಿಕೊಳ್ಳಬೇಕು.

ಅವರು ಬಂದದ್ದು ಕ್ರೈಸ್ತ ಧರ್ಮದ ಪ್ರಚಾರಕ್ಕೆ. ಇದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ಬಂದವರು ಮೊದಲು ಜನರ ಮಾತನ್ನು ಕೇಳಲು ಕುಳಿತರು. ಧಾರವಾಡ, ಹುಬ್ಬಳ್ಳಿ, ಮಂಗಳೂರು, ಮಡಿಕೇರಿ, ಹೀಗೆ ಬೇರೆ ಬೇರೆ ಊರುಗಳಲ್ಲಿ ಇದ್ದು ಕನ್ನಡವನ್ನು ಕಲಿತರು. ಪುಸ್ತಕದ ಕನ್ನಡ ಮಾತ್ರವಲ್ಲ, ಹೊಲದ, ಅಡಿಗೆಮನೆಯ, ಸಂತೆಯ ಕನ್ನಡವನ್ನೂ ಕಲಿತರು. ಪಂಡಿತರ ಬಳಿ ಶಿಷ್ಯರಂತೆ ಕುಳಿತು ಹಳಗನ್ನಡವನ್ನು ಓದಿದರು. 1862ರಲ್ಲಿ ಯೇಸುವಿನ ಜೀವನವನ್ನು ಕನ್ನಡ ಪದ್ಯಗಳಲ್ಲಿ ಹೇಳುವ 'ಕಥಾಮಾಲೆ'ಯನ್ನು ಪ್ರಕಟಿಸಿದರು.

ಕನ್ನಡದ ಹಳೆಯ ಗ್ರಂಥಗಳು ಆಗ ತಾಳೆಗರಿಗಳಲ್ಲಿ ಹರಡಿಕೊಂಡಿದ್ದವು. ಕೇಶಿರಾಜನ ವ್ಯಾಕರಣ ಗ್ರಂಥವಾದ 'ಶಬ್ದಮಣಿದರ್ಪಣ'ವನ್ನು ಕಿಟ್ಟೆಲ್ ಸಂಪಾದಿಸಿ 1872ರಲ್ಲಿ ಪ್ರಕಟಿಸಿದರು. 1875ರಲ್ಲಿ ನಾಗವರ್ಮನ 'ಛಂದೋಂಬುಧಿ'ಯನ್ನು ಹೊರತಂದರು. ಒಬ್ಬ ಜೈನ ಕವಿಯ ವ್ಯಾಕರಣವನ್ನು ಒಬ್ಬ ಕ್ರೈಸ್ತ ಪಾದ್ರಿ ಅಕ್ಷರ ಅಕ್ಷರವಾಗಿ ಕಾಪಾಡಿದರು! ಭಾಷೆಯ ಋಣಕ್ಕೆ ಮತಭೇದವಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಆದರೆ ಅವರ ಜೀವನ ಸುಖದ ಹಾಸಿಗೆಯಾಗಿರಲಿಲ್ಲ. ಮೊದಲ ಪತ್ನಿ ಪೌಲೀನ್ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಮುಂದೆ ಅವರ ತಂಗಿ ಜೂಲಿಯನ್ನು ಮದುವೆಯಾದರು. ಜನರನ್ನು ಮತಕ್ಕೆ ಸೇರಿಸುವ ಲೆಕ್ಕದಲ್ಲಿ ನೋಡಿದರೆ ಕಿಟ್ಟೆಲ್ ಅಷ್ಟೇನೂ ಯಶಸ್ವಿ ಪ್ರಚಾರಕರೆನಿಸಲಿಲ್ಲ. ಮಿಷನ್ನಿನ ಹಿರಿಯರೊಂದಿಗೆ ಭಿನ್ನಾಭಿಪ್ರಾಯಗಳೂ ಬಂದವು. ಹಗಲಿರುಳು ಹಸ್ತಪ್ರತಿಗಳನ್ನು ಓದಿ ಕಣ್ಣು ಸೋತಿತು. ಹೆಚ್ಚಿನವರಾಗಿದ್ದರೆ 'ನನಗೇನು ಸಿಕ್ಕಿತು?' ಎಂದು ಕೇಳುತ್ತಿದ್ದರು. ಕಿಟ್ಟೆಲ್ ಮಾಡಿದ್ದೇನು? ತಮಗೆ ದಕ್ಕಿದ್ದನ್ನು ಒಂದೊಂದಾಗಿ ಬರೆದಿಡುತ್ತಾ ಹೋದರು. ಅವರಿಗೆ ದಕ್ಕಿದ್ದು ಕನ್ನಡದ ಪದಗಳು.

ಅವರಿಗಿಂತ ಮೊದಲು ನಿಘಂಟುಗಳಿರಲಿಲ್ಲ ಎಂದಲ್ಲ. ವಿಲಿಯಂ ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಕಿಟ್ಟೆಲ್ ಹುಟ್ಟಿದ 1832ರಲ್ಲೇ ಹೊರಬಂದಿತ್ತು. ಆದರೆ ಕಿಟ್ಟೆಲ್ ಇನ್ನೂ ಆಳಕ್ಕೆ ಇಳಿದರು. ಹಳಗನ್ನಡದಿಂದ ಹಿಡಿದು ದಿನಬಳಕೆಯ ಮಾತಿನವರೆಗೆ ಪದಗಳನ್ನು ಕೂಡಿಹಾಕಿದರು. ಪ್ರತಿಯೊಂದಕ್ಕೂ ಇಂಗ್ಲಿಷಿನಲ್ಲಿ ಅರ್ಥ ಕೊಟ್ಟರು. ತಮಿಳು, ತೆಲುಗು, ಮಲಯಾಳಂ, ತುಳು ಭಾಷೆಗಳ ಸಂಬಂಧಿ ಪದಗಳನ್ನು ಪಕ್ಕದಲ್ಲಿಟ್ಟು ತೋರಿಸಿದರು. ಒಂದು ಮಾತು ಮೈಸೂರು ಸೀಮೆಯಲ್ಲಿ ಬಳಕೆಯಲ್ಲಿದೆಯೇ, ಧಾರವಾಡದ ಕಡೆ ಇದೆಯೇ ಎಂದು ಗುರುತು ಹಾಕಿದರು. ಜನರ ಬಾಯಲ್ಲಿದ್ದ ಗಾದೆಗಳನ್ನು ಉದಾಹರಣೆಯಾಗಿ ಕೊಟ್ಟರು. ಮಹಾಕವಿಯ ಪದಕ್ಕೆ ಸಿಕ್ಕ ಗೌರವವೇ ಮಡಿಕೆ, ಮೊರ, ಗಂಜಿ, ಸೊಪ್ಪುಗಳಿಗೂ ಆ ನಿಘಂಟಿನಲ್ಲಿ ಸಿಕ್ಕಿತು.

1892ರಲ್ಲಿ ಕಿಟ್ಟೆಲ್ ಜರ್ಮನಿಗೆ ಮರಳಿದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನಿಂದ ನಿಘಂಟು ಹೊರಬಂತು. ಸುಮಾರು 70,000 ಪದಗಳು, 1,752 ಪುಟಗಳು! ಕರ್ನಾಟಕದಲ್ಲಿ ಮೊದಲು ಕಾಲಿಟ್ಟ ದಿನದಿಂದ ಅಷ್ಟು ಹೊತ್ತಿಗೆ 41 ವರ್ಷ ಕಳೆದಿತ್ತು. ನಮ್ಮ ಮಕ್ಕಳಿಗೆ ಒಂದು ಲೆಕ್ಕ: ದಿನಕ್ಕೆ 10 ಪದ ಕಲಿತರೆ ಈ ನಿಘಂಟು ಮುಗಿಯಲು 7,000 ದಿನ ಬೇಕು. ಅಂದರೆ 19 ವರ್ಷಕ್ಕೂ ಹೆಚ್ಚು. ಓದುವುದಕ್ಕೇ ಇಷ್ಟಾದರೆ ಕೂಡಿಸುವುದಕ್ಕೆ ಎಷ್ಟಾಗಿರಬೇಕು?

1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಆದರೂ ಅವರು ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ಇಂಗ್ಲಿಷಿನಲ್ಲಿ ಬರೆದ ಅವರ ಕನ್ನಡ ವ್ಯಾಕರಣ 1903ರಲ್ಲಿ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರ್ ತಿಂಗಳಲ್ಲಿ ಟ್ಯೂಬಿಂಗೆನ್ನಿನಲ್ಲಿ ತೀರಿಕೊಂಡರು. ಕನ್ನಡ ನಾಡಿನಿಂದ ಅಷ್ಟು ದೂರದಲ್ಲಿದ್ದರೂ ಅವರ ಕೊನೆಯ ವರ್ಷಗಳ ದುಡಿಮೆ ಕನ್ನಡಕ್ಕೇ ಸಂದಿತು. ಮುಂದೆ ಪ್ರೊ. ಎಂ. ಮರಿಯಪ್ಪ ಭಟ್ಟರು ಈ ನಿಘಂಟನ್ನು ಪರಿಷ್ಕರಿಸಿದರು. ಮದರಾಸು ವಿಶ್ವವಿದ್ಯಾಲಯ ಅದನ್ನು ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿತು. ಇಂದು ಬೆಂಗಳೂರಿನಲ್ಲಿ ಕಿಟ್ಟೆಲ್ ಅವರ ಪ್ರತಿಮೆಯಿದೆ, ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ.

ಕಿಟ್ಟೆಲ್ ಕೊಡಲು ಬಂದವರು, ಪಡೆದುಕೊಂಡವರಾದರು. ಪಡೆದುಕೊಂಡದ್ದನ್ನು ಬಡ್ಡಿ ಸಮೇತ ಹಿಂತಿರುಗಿಸಿದರು. ಅದಕ್ಕೇ ಅವರು ತಂದ ಮತವನ್ನು ಒಪ್ಪದ ಕನ್ನಡಿಗರೂ ಅವರಿಗೆ ಕೈಮುಗಿಯುತ್ತಾರೆ. ಸಣ್ಣದನ್ನು ಸಣ್ಣದೆಂದು ಬಿಡದಿರುವುದೇ ಕೃತಜ್ಞತೆಯ ಮೊದಲ ಪಾಠವೆಂದು ನಾವು ಅವರಿಂದ ಕಲಿಯಬಹುದು.

ಈಗ ನಮ್ಮ ಮನೆಯ ವಿಷಯಕ್ಕೆ ಬರೋಣ. ಕಥೆ ಮುಗಿದ ಮೇಲೆ ತರಗತಿಯಲ್ಲಿ 'ಮೊರ' ಎಂದರೇನೆಂದು ಕೇಳಿದೆವು. ಯಾರಿಗೂ ಗೊತ್ತಿರಲಿಲ್ಲ. ತಪ್ಪು ಮಕ್ಕಳದ್ದಲ್ಲ, ಇಲ್ಲಿ ಅಕ್ಕಿ ಪ್ಯಾಕೆಟ್‌ನಲ್ಲಿ ಶುದ್ಧವಾಗಿಯೇ ಬರುತ್ತದೆ, ಕೇರುವ ಕೆಲಸವಿಲ್ಲ. ಆದರೆ ಲೋಟ, ಚಮಚ, ಮೊಸರು, ಕಂಬಳಿ ಎಂಬ ಪದಗಳನ್ನೂ ನಾವು ದೊಡ್ಡವರೇ ಮನೆಯಲ್ಲಿ ಬಿಡುತ್ತಿದ್ದೇವಲ್ಲ, ಅದಕ್ಕೆ ಯಾವ ನೆಪ ಹೇಳೋಣ? ಕನ್ನಡ ಕಲಿಸುವ ನಾವೇ ಮನೆಯಲ್ಲಿ ಅವಸರದಲ್ಲಿ 'ಸ್ಪೂನ್ ಕೊಡು' ಎನ್ನುತ್ತೇವೆ. ನಿಘಂಟಿನಲ್ಲಿ ಪದ ಭದ್ರವಾಗಿದೆ, ನಿಜ. ಆದರೆ ನಾಲಿಗೆಯಿಂದ ಜಾರಿದ ಪದವನ್ನು ಯಾವ ನಿಘಂಟೂ ಮಗುವಿನ ಬಾಯಿಗೆ ಮರಳಿಸಲಾರದು. ಅಜ್ಜಿಯೂ ಮೊಮ್ಮಗಳೂ ಫೋನಿನ ಎರಡು ತುದಿಯಲ್ಲಿ ಮಾತಿಲ್ಲದೆ ಕೂರುವ ದಿನ ಬರುವುದು ಹೀಗೆಯೇ, ಒಂದೊಂದೇ ಪದ ಜಾರುತ್ತಾ.

ಆದ್ದರಿಂದ ಪಾಲಕರಲ್ಲಿ ನಮ್ಮದೊಂದು ವಿನಂತಿ. ರಾತ್ರಿ ಊಟಕ್ಕೆ ಕುಳಿತಾಗ ನಿಮ್ಮ ನಿಮ್ಮ ಪದ್ಧತಿಯಂತೆ ದೇವರನ್ನು ನೆನೆಯಿರಿ. ನಂತರ ತಟ್ಟೆಯಲ್ಲಿರುವ ಪ್ರತಿಯೊಂದು ಪದಾರ್ಥದ ಹೆಸರನ್ನು ಮಕ್ಕಳಿಂದ ಕನ್ನಡದಲ್ಲಿ ಹೇಳಿಸಿರಿ. ಎರಡು ನಿಮಿಷ ಸಾಕು. ಅನ್ನದ ಋಣವೂ ಅಕ್ಷರದ ಋಣವೂ ಒಟ್ಟಿಗೆ ಸಲ್ಲುತ್ತವೆ.

ಅಂದಹಾಗೆ, ಪ್ರಶ್ನೆ ಕೇಳಿದ ಆ ಹುಡುಗಿ ತನ್ನ ಪತ್ರದಲ್ಲಿ 'ಧನ್ಯವಾದಗಳು' ಎಂಬುದನ್ನು ಹೊಡೆದುಹಾಕಿ, 'ಅಜ್ಜಿ, ನಿಮ್ಮ ಹೊಟ್ಟೆ ತಣ್ಣಗಿರಲಿ' ಎಂದು ಬರೆದಳು. 'ಣ್ಣ'ದಲ್ಲಿ ಒತ್ತು ತಪ್ಪಿತ್ತು. ಆ ದಿನ ನಾವು ತಿದ್ದಲಿಲ್ಲ.