ಬೆನಗಲ್ ರಾಮರಾವ್ ಏಕೆ ಹೊರನಡೆದರು?

ರಿಸರ್ವ್ ಬ್ಯಾಂಕಿನ ಗವರ್ನರ್ ಹುದ್ದೆಯನ್ನು ಅತಿ ದೀರ್ಘಕಾಲ, ಅಂದರೆ ಏಳೂವರೆ ವರ್ಷ, ನಿರ್ವಹಿಸಿದವರು ಮಂಗಳೂರು ಮೂಲದ ಸರ್ ಬೆನಗಲ್ ರಾಮರಾವ್. ಆ ದಾಖಲೆಯನ್ನು ಈವರೆಗೆ ಯಾರೂ ಮುರಿದಿಲ್ಲ. ಆದರೆ ಇತಿಹಾಸ ಅವರನ್ನು ಹೆಚ್ಚಾಗಿ ನೆನೆಯುವುದು, 1957ರ ಜನವರಿಯಲ್ಲಿ ಅವಧಿ ಮುಗಿಯುವ ಮುನ್ನವೇ ಅವರು ಆ ಹುದ್ದೆಯನ್ನು ತ್ಯಜಿಸಿದರೆಂಬ ಕಾರಣಕ್ಕೆ.

1889ರಲ್ಲಿ ಜನಿಸಿದ ರಾಮರಾವ್ ಮದರಾಸು ಮತ್ತು ಕೇಂಬ್ರಿಜ್‌ಗಳಲ್ಲಿ ವ್ಯಾಸಂಗ ಮಾಡಿ ಐಸಿಎಸ್ ಸೇರಿದರು. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಬಿ.ಎನ್. ರಾವ್ ಮತ್ತು ಪತ್ರಕರ್ತ ಬಿ. ಶಿವರಾವ್ ಅವರ ಸೋದರರು. ಸೈಮನ್ ಆಯೋಗದ ಹಣಕಾಸು ವಿಭಾಗದಲ್ಲಿ ದುಡಿದು, ಲಂಡನ್ನಿನಲ್ಲಿ ಉಪ ಹೈಕಮಿಷನರ್ ಆಗಿ, ದಕ್ಷಿಣ ಆಫ್ರಿಕದಲ್ಲಿ ಭಾರತದ ಪ್ರತಿನಿಧಿಯಾಗಿ, ಯುದ್ಧಕಾಲದಲ್ಲಿ ಮುಂಬೈ ಬಂದರು ಮಂಡಳಿಯ ಅಧ್ಯಕ್ಷರಾಗಿ ಅವರು ಪಳಗಿದರು. ಸ್ವಾತಂತ್ರ್ಯಾನಂತರ ಜಪಾನಿನಲ್ಲೂ ಅಮೆರಿಕದಲ್ಲೂ ಭಾರತವನ್ನು ಪ್ರತಿನಿಧಿಸಿದರು. ಹೀಗೆ ಜಗತ್ತಿನ ಹಣಕಾಸಿನ ರೀತಿನೀತಿಗಳನ್ನು ಹತ್ತಿರದಿಂದ ಕಂಡವರು 1949ರ ಜುಲೈ 1ರಂದು ರಿಸರ್ವ್ ಬ್ಯಾಂಕಿನ ಚುಕ್ಕಾಣಿ ಹಿಡಿದರು.

ಮೂರು ತಿಂಗಳು ತುಂಬುವ ಮೊದಲೇ ಅಗ್ನಿಪರೀಕ್ಷೆ ಎದುರಾಯಿತು. ಸೆಪ್ಟೆಂಬರ್‌ನಲ್ಲಿ ಬ್ರಿಟನ್ ಪೌಂಡಿನ ಮೌಲ್ಯವನ್ನು ತಗ್ಗಿಸಿತು. ಭಾರತವೂ ರೂಪಾಯಿಯನ್ನು ಅಷ್ಟೇ ಪ್ರಮಾಣದಲ್ಲಿ, ಶೇಕಡ 30.5ರಷ್ಟು, ಇಳಿಸಿತು, ಡಾಲರಿನ ಬೆಲೆ ಸುಮಾರು ರೂ. 3.31ರಿಂದ ರೂ. 4.76ಕ್ಕೆ ಏರಿತು. ಪಾಕಿಸ್ತಾನ ಅಪಮೌಲ್ಯಕ್ಕೆ ಒಪ್ಪದ್ದರಿಂದ ಅಲ್ಲಿಂದ ಬರಬೇಕಾಗಿದ್ದ ಸೆಣಬು, ಹತ್ತಿಗಳ ವ್ಯಾಪಾರ ಸ್ಥಗಿತಗೊಂಡಿತು. 1951ರ ಫೆಬ್ರುವರಿಯ ಒಪ್ಪಂದದವರೆಗೂ ಆ ಬಿಕ್ಕಟ್ಟು ಮುಂದುವರಿಯಿತು. ಅದೇ ವರ್ಷದ ನವೆಂಬರ್‌ನಲ್ಲಿ, 1935ರಿಂದ ಶೇಕಡ 3ರಲ್ಲೇ ನಿಂತಿದ್ದ ಬ್ಯಾಂಕ್ ದರವನ್ನು ರಾಮರಾವ್ ಶೇಕಡ 3.5ಕ್ಕೆ ಏರಿಸಿದರು.

ಅಂತರರಾಷ್ಟ್ರೀಯ ಹಣಕಾಸಿನ ಈ ಪರಿಣತನ ಕಾಲದಲ್ಲೇ ರಿಸರ್ವ್ ಬ್ಯಾಂಕು ಹಳ್ಳಿಯತ್ತಲೂ ದೃಷ್ಟಿ ಹರಿಸಿತು. 1951ರಲ್ಲಿ ಬ್ಯಾಂಕು ನೇಮಿಸಿದ, ಎ.ಡಿ. ಗೋರ್ವಾಲಾ ಅಧ್ಯಕ್ಷತೆಯ ಗ್ರಾಮೀಣ ಸಾಲ ಸಮೀಕ್ಷಾ ಸಮಿತಿಯು ರೈತರ ಸಾಲದಲ್ಲಿ ಸಹಕಾರ ಸಂಘಗಳ ಪಾಲು ಶೇಕಡ 3ರಷ್ಟು ಮಾತ್ರವೆಂದೂ ಲೇವಾದೇವಿಗಾರರ ಪಾಲು ಶೇಕಡ 70ರಷ್ಟೆಂದೂ ತೋರಿಸಿಕೊಟ್ಟಿತು. ಅದರ ಫಲವಾಗಿ 1955ರಲ್ಲಿ ಇಂಪೀರಿಯಲ್ ಬ್ಯಾಂಕು ಸ್ಟೇಟ್ ಬ್ಯಾಂಕ್ ಆಗಿ ಮಾರ್ಪಟ್ಟು, ಐದು ವರ್ಷಗಳಲ್ಲಿ 400 ಹೊಸ ಶಾಖೆಗಳನ್ನು ತೆರೆಯುವ ಹೊಣೆ ಹೊತ್ತಿತು. 1956ರಲ್ಲಿ ಸಹಕಾರ ಕ್ಷೇತ್ರಕ್ಕೆ ಬಂಡವಾಳ ಒದಗಿಸಲು ರಿಸರ್ವ್ ಬ್ಯಾಂಕಿನಲ್ಲೇ ಕೃಷಿ ಸಾಲ ನಿಧಿ ಸ್ಥಾಪನೆಯಾಯಿತು. ಇಂದು ಅಥಣಿ, ಕಾಗವಾಡ, ರಾಯಬಾಗಗಳ ಕಬ್ಬು ಬೆಳೆಗಾರ ಅಥವಾ ಚಿಕ್ಕೋಡಿ, ನಿಪ್ಪಾಣಿಯ ರೈತ ಬೆಳೆಸಾಲಕ್ಕಾಗಿ ಸಾವುಕಾರನ ಬದಲು ಊರಿನ ಸೊಸೈಟಿಯ ಮೆಟ್ಟಿಲು ಹತ್ತುತ್ತಾನೆಂದರೆ, ಆ ವ್ಯವಸ್ಥೆ ಬಲಗೊಂಡದ್ದರಲ್ಲಿ ಈ ನಿರ್ಧಾರಗಳ ಪಾಲಿದೆ.

1956ರಲ್ಲಿ ಎರಡನೇ ಪಂಚವಾರ್ಷಿಕ ಯೋಜನೆ ಆರಂಭವಾಯಿತು. ಆಮದು ಹೆಚ್ಚಿ ವಿದೇಶಿ ವಿನಿಮಯ ವೇಗವಾಗಿ ಕರಗತೊಡಗಿತು. ಅರ್ಥಸಚಿವ ಟಿ.ಟಿ. ಕೃಷ್ಣಮಾಚಾರಿ ಅವರು ನವೆಂಬರ್‌ನಲ್ಲಿ ಮುದ್ದತು ಹುಂಡಿಗಳ ಮೇಲಿನ ಮುದ್ರಾಂಕ ಶುಲ್ಕವನ್ನು ಏರಿಸುವ ಪ್ರಸ್ತಾವ ಮುಂದಿಟ್ಟರು. ನೋಟಕ್ಕೆ ಇದು ಸಾಧಾರಣ ತೆರಿಗೆ. ಆದರೆ ವಾಣಿಜ್ಯ ಬ್ಯಾಂಕುಗಳು ರಿಸರ್ವ್ ಬ್ಯಾಂಕಿನಿಂದ ಸಾಲ ಪಡೆಯುತ್ತಿದ್ದುದು ಈ ಹುಂಡಿಗಳ ಆಧಾರದ ಮೇಲೆಯೇ. ಆದ್ದರಿಂದ ಶುಲ್ಕದ ಏರಿಕೆಯು ಬ್ಯಾಂಕ್ ದರವನ್ನೇ ಅರ್ಧ ಶೇಕಡ ಏರಿಸಿದ್ದಕ್ಕೆ ಸಮನಾಗಿತ್ತು. ದರ ನಿರ್ಧರಿಸುವ ಅಧಿಕಾರ ಕಾನೂನಿನಂತೆ ಯಾರಲ್ಲಿತ್ತೋ ಅವರನ್ನು ಬದಿಗಿರಿಸಿ, ತೆರಿಗೆಯ ಮೂಲಕ ಅದನ್ನು ನಿರ್ಧರಿಸಿದಂತಾಯಿತು. ರಾಮರಾವ್ ಆಕ್ಷೇಪಿಸಿ, ವಿಷಯವನ್ನು ಬ್ಯಾಂಕಿನ ಕೇಂದ್ರ ಮಂಡಳಿಯ ಮುಂದಿಟ್ಟರು. ರಿಸರ್ವ್ ಬ್ಯಾಂಕು ತಮ್ಮ ಸಚಿವಾಲಯದ ಒಂದು ವಿಭಾಗವೆಂಬುದು ಸಚಿವರ ನಿಲುವಾಗಿತ್ತು. ಪ್ರಧಾನಿ ನೆಹರೂ ಸಚಿವರ ಪರ ನಿಂತರು. ರಾಮರಾವ್ ರಾಜೀನಾಮೆ ನೀಡಿ ಹೊರನಡೆದರು.

ನೆಹರೂ ಅವರ ನಿಲುವನ್ನು ಸುಲಭವಾಗಿ ತಳ್ಳಿಹಾಕಲಾಗದು. ಪ್ರಜಾಪ್ರಭುತ್ವದಲ್ಲಿ ಆರ್ಥಿಕ ನೀತಿಯ ಕೊನೆಯ ಮಾತು ಚುನಾಯಿತ ಸರ್ಕಾರದ್ದೇ. ರಾಮರಾವ್ ಅವರೂ ಬಡ್ಡಿದರ ಏರಿಕೆಯನ್ನು ತತ್ವಶಃ ವಿರೋಧಿಸಿದವರಲ್ಲ. 1951ರಲ್ಲಿ ಅವರೇ ಅದನ್ನು ಏರಿಸಿದ್ದರು. ಅವರು ಪ್ರಶ್ನಿಸಿದ್ದು ದಾರಿಯನ್ನು. ಸಮಾಲೋಚನೆಯಿಲ್ಲದೆ ಒಂದು ಸಂಸ್ಥೆಯ ಕೆಲಸವನ್ನು ಮತ್ತೊಬ್ಬರು ಕೈಗೆತ್ತಿಕೊಂಡರೆ, ಮುಂದೆ ತಪ್ಪಾದಾಗ ಹೊಣೆ ಹೊರುವವರಾರು? 1957ರ ಮೇ ತಿಂಗಳಲ್ಲಿ ಬ್ಯಾಂಕ್ ದರವೇ ಅಧಿಕೃತವಾಗಿ ಶೇಕಡ 4ಕ್ಕೆ ಏರಿತು. ಮೊದಲೇ ಹಿಡಿಯಬಹುದಾಗಿದ್ದ ನೇರ ದಾರಿ ಅದಾಗಿತ್ತು.

ರಾಮರಾವ್ 1969ರ ಡಿಸೆಂಬರ್‌ನಲ್ಲಿ ನಿಧನರಾದರು. ಬಡ್ಡಿದರ ನಿರ್ಣಯಿಸುವ ಹಣಕಾಸು ನೀತಿ ಸಮಿತಿಗೆ ಶಾಸನದ ಆಧಾರ ದೊರೆತದ್ದು 2016ರಲ್ಲಿ. ಸರ್ಕಾರದ ಅಧಿಕಾರ ಎಲ್ಲಿ ಮುಗಿಯುತ್ತದೆ, ಬ್ಯಾಂಕಿನದು ಎಲ್ಲಿ ಆರಂಭವಾಗುತ್ತದೆ ಎಂಬ ಪ್ರಶ್ನೆಗೆ ಕಾಯಿದೆಯ ಅಕ್ಷರಗಳಲ್ಲಿ ಉತ್ತರ ಸಿಗಲು ಅಷ್ಟು ವರ್ಷ ಬೇಕಾಯಿತು. ಆದರೆ ಕಾಯಿದೆಯೊಂದೇ ಸಂಸ್ಥೆಯನ್ನು ಕಾಯಲಾರದು. ಸಂಸ್ಥೆಯ ಘನತೆಗೆ ಕುಂದು ಬಂದಾಗ ಹುದ್ದೆಯನ್ನು ಬಿಡಲು ಸಿದ್ಧನಿರುವ ಅಧಿಕಾರಿಯೂ ಅಲ್ಲಿರಬೇಕಾಗುತ್ತದೆ.